ಫಿಲ್ಟರ್ ಹೊಸದು, ಆದರೂ ಮನೆ ತುಂಬ ಧೂಳು: ಡಕ್ಟ್ ಸೋರಿಕೆ ಹುಡುಕುವುದು ಹೇಗೆ

ಇದು ಅಮೆರಿಕದಲ್ಲಿ ಸ್ವಂತ ಮನೆ ತೆಗೆದುಕೊಂಡಿರುವ ನಮ್ಮವರಿಗೆ, ಅದರಲ್ಲೂ ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯವರಿಗೆ. ಬೆಂಗಳೂರಿನಲ್ಲಿ ಏಸಿ ಎಂದರೆ ಗೋಡೆಗೆ ಹಾಕಿದ ಸ್ಪ್ಲಿಟ್. ಅದು ಆ ರೂಮಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅಲ್ಲೇ ಬಿಡುತ್ತದೆ. ಇಲ್ಲಿ ಇಡೀ ಮನೆಗೆ ಸೇರಿ ಒಂದೇ ಯಂತ್ರ, ಅಲ್ಲಿಂದ ಪ್ರತಿ ರೂಮಿಗೂ ಗಾಳಿ ಸಾಗಿಸುವ ಒಂದೊಂದು ಕೊಳವೆ, ಅಂದರೆ ಡಕ್ಟ್, ಆ ಡಕ್ಟ್‌ಗಳೆಲ್ಲ ಹಾದುಹೋಗುವುದು ಚಾವಣಿ ಮೇಲಿನ ಅಟಿಕ್‌ನಲ್ಲಿ. ನಾವು ಅಲ್ಲಿಗೆ ಹತ್ತುವುದು ದಸರಾ ಗೊಂಬೆಯ ಡಬ್ಬ ಇಳಿಸುವುದಕ್ಕೆ, ಹಬ್ಬ ಮುಗಿದ ಮೇಲೆ ವಾಪಸ್ ಇಡುವುದಕ್ಕೆ. ಉಳಿದ ದಿನ ಅಲ್ಲಿ ಏನು ನಡೆಯುತ್ತಿದೆ ಅಂತ ಯಾರೂ ನೋಡುವುದಿಲ್ಲ.

ಸಾಮಾನ್ಯ ಮನೆಯೊಂದರಲ್ಲಿ ಡಕ್ಟ್ ಒಳಗೆ ಓಡುವ ಗಾಳಿಯಲ್ಲಿ ಶೇಕಡ 20ರಿಂದ 30ರಷ್ಟು ಸಂದು, ತೂತು, ಸಡಿಲ ಜೋಡಣೆಗಳ ಮೂಲಕ ಪೋಲಾಗುತ್ತದೆ ಎಂದು ಇಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ. ಇದನ್ನು ಕೇಳಿದವರು ಮೊದಲು ಯೋಚಿಸುವುದು ಕರೆಂಟ್ ಬಿಲ್. ಬಿಲ್ ಬಿಡಿ, ಅದು ಹೇಗೂ ಬರುತ್ತದೆ. ನನ್ನ ತಕರಾರು ಉಸಿರಾಡುವ ಗಾಳಿಯ ಬಗ್ಗೆ.

ಎರಡು ಕಡೆ, ಎರಡು ಥರದ ಸೋರಿಕೆ

ಡಕ್ಟ್‌ನಲ್ಲಿ ಊದುವ ಕಡೆ ಒಂದು, ಎಳೆಯುವ ಕಡೆ ಒಂದು. ಊದುವ ಕಡೆಗೆ ಸಪ್ಲೈ ಎನ್ನುತ್ತಾರೆ, ಎಳೆಯುವ ಕಡೆಗೆ ರಿಟರ್ನ್. ರೂಮಿನ ಚಾವಣಿಯಲ್ಲಿ ತಣ್ಣನೆ ಗಾಳಿ ಬಿಡುವ ಚಿಕ್ಕ ಗ್ರಿಲ್‌ಗಳು ಸಪ್ಲೈ. ಹಾಲ್‌ನಲ್ಲೋ ಪ್ಯಾಸೇಜಿನಲ್ಲೋ ಇರುವ ದೊಡ್ಡ ಗ್ರಿಲ್ ರಿಟರ್ನ್. ಫಿಲ್ಟರ್ ಬದಲಾಯಿಸಲು ಸ್ಟೂಲ್ ಹತ್ತುತ್ತೀರಲ್ಲ, ಅದೇ.

ಸಪ್ಲೈ ಕಡೆ ಸೋರಿದರೆ ತಣ್ಣನೆ ಗಾಳಿ ಅಟಿಕ್ ಪಾಲು. ಮನೆಯಿಂದ ಎಳೆದುಕೊಂಡಷ್ಟು ಗಾಳಿ ಮನೆಗೆ ವಾಪಸ್ ಬರುವುದಿಲ್ಲ. ಒಳಗೆ ಒತ್ತಡ ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಹೊರಗಿನ ಗಾಳಿ ಕಿಟಕಿ ಸಂದಿ, ಸ್ವಿಚ್ ಬೋರ್ಡ್, ಚಾವಣಿಯ ಲೈಟುಗಳ ಸುತ್ತಲಿನ ಬಿರುಕು ಹೀಗೆ ಎಲ್ಲೆಲ್ಲಿಂದಲೋ ನುಗ್ಗುತ್ತದೆ. ಪರಾಗವೋ ಹೊಗೆಯೋ ಶೆಖೆಯೋ, ಹೊರಗೆ ಏನಿದೆಯೋ ಅದು ಒಳಗೆ.

ರಿಟರ್ನ್ ಕಡೆ ಸೋರಿದರೆ ಕಥೆ ಉಲ್ಟಾ. ತೂತಿರುವ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ಎಳನೀರಿನ ಜೊತೆ ತೂತಿನ ಗಾಳಿಯೂ ಬಾಯಿಗೆ ಬರುತ್ತದೆ. ಬ್ಲೋವರ್, ಅಂದರೆ ಯಂತ್ರದೊಳಗಿನ ಫ್ಯಾನ್, ಅಟಿಕ್‌ನ ಗಾಳಿಯನ್ನೇ ಎಳೆದು, ಗಾಳಿ ತಣ್ಣಗೆ ಮಾಡುವ ಕಾಯಿಲ್ ಮೇಲೆ ಹಾಯಿಸಿ, ನೀವು ಮಲಗುವ ರೂಮಿಗೆ ತಂದು ಬಿಡುತ್ತದೆ. ಆ ಗಾಳಿಯಲ್ಲಿ ಫೈಬರ್‌ಗ್ಲಾಸ್ ಚೂರು, ಹಳೆ ಧೂಳು, ಇಲಿ ಹಿಕ್ಕೆಯ ಪುಡಿ ಎಲ್ಲ ಇರಬಹುದು. ಮನೆಯ ಗಾಳಿ ಕೆಡುವುದಕ್ಕೆ ಜಾಸ್ತಿ ಕಾರಣ ಈ ರಿಟರ್ನ್ ಸೋರಿಕೆಯೇ. ಹಾಗಾಗಿ ಹುಡುಕಾಟ ಯಾವಾಗಲೂ ಇಲ್ಲಿಂದ ಶುರುವಾಗಬೇಕು ಎನ್ನುವುದು ನನ್ನ ಹಟ.

ಇನ್ನೊಂದು ವಿಷಯ. ಟೆಕ್ಸಾಸ್‌ನ ಬಹಳಷ್ಟು ಮನೆಗಳಲ್ಲಿ ಫಿಲ್ಟರ್ ಕೂರುವುದು ಆ ಹಾಲ್‌ನ ಗ್ರಿಲ್ ಒಳಗೇ. ಯಂತ್ರ ಇರುವುದು ಮಾತ್ರ ಅಟಿಕ್‌ನಲ್ಲಿ. ನಡುವಿನ ಡಕ್ಟ್ ಪೂರ್ತಿ ಫಿಲ್ಟರ್ ದಾಟಿದ ಮೇಲಿನದ್ದು. ಅಲ್ಲಿ ಎಲ್ಲೇ ತೂತಿದ್ದರೂ ಒಳಬಂದ ಧೂಳನ್ನು ತಡೆಯುವವರು ಯಾರೂ ಇಲ್ಲ. ಫಿಲ್ಟರ್ ನೋಡಿದರೆ ಬೆಳ್ಳಗೆ, ಟೀವಿ ಸ್ಟ್ಯಾಂಡ್ ನೋಡಿದರೆ ಬೂದು. ಇದೇ ಮೊದಲ ಸುಳಿವು. ಕೊಳೆ ಫಿಲ್ಟರ್‌ಗಿಂತ ಕೊಳೆಯಾಗದ ಫಿಲ್ಟರ್ ನೋಡಿ ನಾನು ಜಾಸ್ತಿ ಅನುಮಾನ ಪಡುತ್ತೇನೆ.

ಮನೆ ಏನು ಹೇಳುತ್ತಿದೆ

ಅಟಿಕ್ ಹತ್ತುವ ಮೊದಲು ಕೆಳಗೇ ಸುಮ್ನೆ ಒಂದು ಸುತ್ತು ಹಾಕಿ, ನೋಡಬೇಕಾದ್ದು ಬೇಕಾದಷ್ಟಿದೆ.

ಬೆಡ್‌ರೂಮಿನ ಬಾಗಿಲ ಕೆಳಗೆ ಕಾರ್ಪೆಟ್ ಮೇಲೆ ಕಪ್ಪು ಗೆರೆ ಇದೆಯಾ? ಬಾಗಿಲು ಮುಚ್ಚಿದಾಗ ಅದರ ಅಂಚು ಎಲ್ಲಿ ಬರುತ್ತದೋ ಸರಿಯಾಗಿ ಅದೇ ಜಾಗದಲ್ಲಿ, ಸ್ಕೇಲ್ ಇಟ್ಟು ಎಳೆದಂಥ ಗೆರೆ. ಶಾಂಪೂ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಗಾಳಿ ಆ ಸಂದಿಯಲ್ಲಿ ಒತ್ತಿಕೊಂಡು ಹಾಯುವಾಗ ಕಾರ್ಪೆಟ್ ನೂಲೇ ಫಿಲ್ಟರ್ ಕೆಲಸ ಮಾಡಿದೆ. ಗೋಡೆಯ ಬುಡದಲ್ಲಿ, ಬೇಸ್‌ಬೋರ್ಡ್ ಉದ್ದಕ್ಕೂ ಇಂಥ ಗೆರೆ ಇದ್ದರೆ ಗೋಡೆಯೊಳಗಿನಿಂದ ಗಾಳಿ ಬರುತ್ತಿದೆ, ಇಲ್ಲವೇ ಅದರೊಳಗೆ ಹೋಗುತ್ತಿದೆ ಎಂದರ್ಥ.

ಸಪ್ಲೈ ಗ್ರಿಲ್ ಸುತ್ತ ಚಾವಣಿ ಕಪ್ಪಾಗಿದೆಯಾ? ಇದಕ್ಕೆ ಕಾರಣ ಒಂದೇ ಅಲ್ಲ. ಗ್ರಿಲ್ ಮೇಲಿನ ತಗಡಿನ ಡಬ್ಬಕ್ಕೂ ಚಾವಣಿಯ ಜಿಪ್ಸಮ್ ಹಲಗೆಗೂ (ಶೀಟ್‌ರಾಕ್) ನಡುವೆ ಸಂದಿ ಬಿಟ್ಟಿರಬಹುದು, ಅಲ್ಲಿಂದ ಅಟಿಕ್‌ನ ಧೂಳು ಇಳಿಯುತ್ತಿರಬಹುದು. ಅಥವಾ ಒದ್ದೆ ಗಾಳಿ ತಣ್ಣನೆ ತಗಡಿಗೆ ತಾಗಿ ನೀರಾಗಿ, ಆ ತೇವಕ್ಕೆ ಧೂಳು ಅಂಟಿ, ಕೊನೆಗೆ ಬೂಷ್ಟು ಹಿಡಿದಿರಬಹುದು. ಟಿಶ್ಯೂ ಒದ್ದೆ ಮಾಡಿ ಒರೆಸಿ ನೋಡಿ. ಒಣ ಮಸಿಯಂತೆ ಬಂದರೆ ಬಹುಶಃ ಧೂಳು. ಚುಕ್ಕೆ ಚುಕ್ಕೆಯಾಗಿದ್ದು, ಒರೆಸಿದ ಮೇಲೂ ಮತ್ತೆ ಹುಟ್ಟಿಕೊಂಡರೆ ತೇವ ಇದೆ.

ಏಸಿ ಶುರುವಾದ ಮೊದಲ ನಿಮಿಷದ ವಾಸನೆ ಗಮನಿಸಿ. ಹಳೆ ಟ್ರಂಕ್ ತೆರೆದಂಥ ಬಿಸಿ ವಾಸನೆ ಬಂದರೆ ಅಟಿಕ್. ಪೆಟ್ರೋಲ್, ಪೇಂಟ್, ಹುಲ್ಲು ಕತ್ತರಿಸುವ ಯಂತ್ರದ ವಾಸನೆ ಬಂದರೆ ಗರಾಜ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮುಂದೆ ಹೇಳುತ್ತೇನೆ. ಮಣ್ಣಿನ ವಾಸನೆ ಬಂದರೆ ನೆಲದ ಕೆಳಗಿನ ಕ್ರಾಲ್ ಸ್ಪೇಸ್ ಅಥವಾ ಬೇಸ್‌ಮೆಂಟ್. ನ್ಯೂಜೆರ್ಸಿ ಕಡೆಯ ಹಳೆ ಮನೆಗಳಲ್ಲಿ ಬೇಸ್‌ಮೆಂಟ್ ಚಾವಣಿಯ ಎರಡು ಮರದ ತೊಲೆಗಳ ನಡುವೆ ತಗಡು ಬಡಿದು ಅದನ್ನೇ ರಿಟರ್ನ್ ಡಕ್ಟ್ ಮಾಡಿರುತ್ತಾರೆ. ಅದು ಸೋರದೆ ಇರುವುದು ಅಪರೂಪ. ಅಂಥ ಮನೆಯವರು ನೆಲದಿಂದ ಮೇಲೇಳುವ ವಿಕಿರಣಶೀಲ ಅನಿಲ ರೇಡಾನ್‌ನ ಟೆಸ್ಟನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಲೀಟರ್‌ಗೆ 4 ಪಿಕೊಕ್ಯೂರಿ ಮುಟ್ಟಿದರೆ ಅಥವಾ ದಾಟಿದರೆ ಸರಿಪಡಿಸಿ ಎನ್ನುತ್ತದೆ ಇಲ್ಲಿನ ಪರಿಸರ ಸಂಸ್ಥೆ ಇಪಿಎ.

ತೇವದ ಲೆಕ್ಕ ಹ್ಯೂಸ್ಟನ್‌ನವರಿಗೆ ಮುಖ್ಯ. ಹತ್ತು ಹದಿನೈದು ಡಾಲರ್‌ಗೆ ಸಿಗುವ ಹ್ಯುಮಿಡಿಟಿ ಮೀಟರ್ ಒಂದು ತಂದಿಡಿ. ಜುಲೈನಲ್ಲಿ ಏಸಿ ಗಂಟೆಗಟ್ಟಲೆ ಓಡಿದರೂ ಒಳಗೆ ಶೇಕಡ 60ಕ್ಕಿಂತ ಮೇಲೇ ನಿಂತಿದ್ದರೆ, ಹೊರಗಿನ ತೇವ ಎಲ್ಲಿಂದಲೋ ಬರುತ್ತಿದೆ ಎಂದು ಅನುಮಾನಿಸಿ. ಇನ್ನೊಂದು ಸಾಧ್ಯತೆ ಇದೆ, ಅದನ್ನು ಮೊದಲು ನೋಡಿ: ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ "ಆನ್" ಇದೆಯಾ, "ಆಟೋ" ಇದೆಯಾ? "ಆನ್" ಇದ್ದರೆ ಕಂಪ್ರೆಸರ್ ನಿಂತ ಮೇಲೂ ಗಾಳಿ ಓಡುತ್ತಲೇ ಇರುತ್ತದೆ, ಕಾಯಿಲ್ ಮೇಲೆ ನಿಂತ ನೀರು ಆರಿ ಮತ್ತೆ ಮನೆಗೇ ಬರುತ್ತದೆ. ಡಕ್ಟ್‌ಗೆ ಬೈಯುವ ಮೊದಲು ಆ ಗುಂಡಿ ನೋಡಿ.

ಮೊದಲು ನಮ್ಮದೇ ಧೂಳು, ಹೊಗೆ ಲೆಕ್ಕದಿಂದ ತೆಗೆಯಿರಿ

ನಮ್ಮ ಮನೆಗಳಲ್ಲಿ ಇದನ್ನು ಮಾಡದೆ ಯಾವ ಪರೀಕ್ಷೆಯೂ ಸರಿ ಬರುವುದಿಲ್ಲ. ಬೆಳಿಗ್ಗೆ ದೇವರ ಮುಂದೆ ಊದುಬತ್ತಿ, ಕರ್ಪೂರ. ಆಮೇಲೆ ಒಗ್ಗರಣೆ, ದೋಸೆ ಕಾವಲಿ. ಗಾಳಿಯಲ್ಲಿನ ಅತಿ ಸಣ್ಣ ಕಣಗಳನ್ನು ಅಳೆಯುವ ಪಿಎಂ 2.5 ಮೀಟರ್ ಇದ್ದರೆ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಅದು ಎಷ್ಟಕ್ಕೆ ಹಾರುತ್ತದೆ ಅಂತ ನೋಡಿಯೇ ಇರುತ್ತೀರಿ. ಎಷ್ಟೋ ಅಡುಗೆಮನೆಗಳಲ್ಲಿ ಸ್ಟವ್ ಮೇಲಿನ ಹುಡ್ ಹೊಗೆಯನ್ನು ಹೊರಗೆ ಹಾಕುವುದೇ ಇಲ್ಲ. ಮೇಲೆ ಎಳೆದು, ಒಂದು ಜಾಲರಿ ದಾಟಿಸಿ, ನಿಮ್ಮ ಹಣೆಗೇ ವಾಪಸ್ ಊದುತ್ತದೆ. ಹುಡ್ ಹಚ್ಚಿ ಅದರ ಮೇಲ್ಭಾಗಕ್ಕೆ ಕೈ ಹಿಡಿದರೆ ಗೊತ್ತಾಗುತ್ತದೆ. ಅಂಥ ಮನೆಯಲ್ಲಿ ಸಂಜೆಯವರೆಗೂ ಸಾಸಿವೆ ವಾಸನೆ ಇದ್ದರೆ ತಪ್ಪು ಡಕ್ಟ್‌ನದ್ದಲ್ಲ.

ಇದರ ಜೊತೆ ಸುವಾಸನೆ ಮೇಣದಬತ್ತಿ, ಹೊಸ ಕಾರ್ಪೆಟ್, ಪಕ್ಕದಲ್ಲಿ ನಡೆಯುತ್ತಿರುವ ಕಟ್ಟಡದ ಕೆಲಸ. ಮಗುವಿನ ರೂಮಿನಲ್ಲಿ ನಲ್ಲಿ ನೀರು ಹಾಕುವ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್ ಇದ್ದರೆ ಅದು ನೀರಿನ ಸುಣ್ಣವನ್ನೇ ಗಾಳಿಗೆ ತೂರುತ್ತದೆ, ಮೇಜಿನ ಮೇಲೆ ಕೂರುವ ಬಿಳಿ ಪುಡಿ ಅದರದ್ದೇ. ಹಾಗಾಗಿ ಒಗ್ಗರಣೆ ಇಲ್ಲ, ಬತ್ತಿ ಇಲ್ಲ, ವ್ಯಾಕ್ಯೂಮ್ ಇಲ್ಲ ಅನ್ನುವಂಥ ಅರ್ಧ ದಿನ ಹುಡುಕಿಕೊಳ್ಳಿ. ಹಿಂದಿನ ದಿನದ ಚಿತ್ರಾನ್ನ ತಿಂದುಕೊಂಡು ಪರೀಕ್ಷೆಗೆ ಇಳಿಯಿರಿ.

ಹುಡುಕುವ ಕ್ರಮ

ಗ್ರಿಲ್ ತೆಗೆದು ಟಾರ್ಚ್ ಬಿಡಿ. ಎಲ್ಲಕ್ಕಿಂತ ಮೊದಲು ಇದು. ಥರ್ಮೋಸ್ಟಾಟ್ ಆಫ್ ಮಾಡಿ, ಫಿಲ್ಟರ್ ಹೊರಗೆ ತೆಗೆಯಿರಿ, ಅದರ ಹಿಂದಿನ ಪೆಟ್ಟಿಗೆಯೊಳಗೆ ನಾಲ್ಕೂ ಮೂಲೆ ನೋಡಿ. ಡ್ಯಾಲಸ್ ಹತ್ತಿರದ ಫ್ರಿಸ್ಕೊದಲ್ಲಿರುವ ಗೆಳೆಯರೊಬ್ಬರ ಮನೆಯದು ಹೇಳುತ್ತೇನೆ. ಹಾಸನದಿಂದ ಬಂದಿದ್ದ ಅವರ ಅಮ್ಮ ದಿನಾ ಒದ್ದೆ ಬಟ್ಟೆ ಹಿಡಿದು ಓಡಾಡುತ್ತಿದ್ದರು. "ಏನಪ್ಪಾ ಇದು, ರಸ್ತೇಲಿ ಒಂದು ಚೂರು ಮಣ್ಣಿಲ್ಲ, ಮನೇಲಿ ಮಾತ್ರ ಇಷ್ಟು ಧೂಳು?" ಅನ್ನುವುದು ಅವರ ಪ್ರಶ್ನೆ. ಮಗ ಫಿಲ್ಟರನ್ನು ಮರ್ವ್ (ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂದು ಹೇಳುವ ಅಂಕಿ) 8ರಿಂದ 11ಕ್ಕೆ, 11ರಿಂದ 13ಕ್ಕೆ ಏರಿಸುತ್ತಾ ಹೋಗಿದ್ದರು. ಧೂಳು ಕಡಿಮೆಯಾಗುವ ಬದಲು ಹೆಚ್ಚಾಯಿತು. ಗ್ರಿಲ್ ತೆಗೆದು ನೋಡಿದರೆ ಒಳಗೆ ಡಕ್ಟೇ ಇಲ್ಲ, ಗೋಡೆಯ ಮರದ ಕಂಬಗಳ ನಡುವಿನ ಟೊಳ್ಳನ್ನೇ ಪೆಟ್ಟಿಗೆ ಮಾಡಿದ್ದರು. ಒಂದು ಮೂಲೆಯಲ್ಲಿ ಶೀಟ್‌ರಾಕ್ ಹಲಗೆ ಮರದವರೆಗೆ ಮುಟ್ಟಿರಲೇ ಇಲ್ಲ. ಬೆರಳು ಹೋಗುವಷ್ಟು ಸಂದಿ. ಆ ಸಂದಿಯಿಂದ ಗುಲಾಬಿ ಬಣ್ಣದ ಇನ್ಸುಲೇಶನ್ ಎಳೆಯೊಂದು ಒಳಗೆ ಇಣುಕುತ್ತಿತ್ತು, ಅದರ ತುದಿ ಮಸಿ ಕಪ್ಪು. ಬ್ಲೋವರ್ ಹಾಕಿದ ತಕ್ಷಣ ಅದು ಎದ್ದು ನಿಂತು ಒಳಮುಖವಾಗಿ ನಡುಗಲು ಶುರುವಾಯಿತು. ಬೇರೆ ಸಾಕ್ಷಿ ಏಕೆ ಬೇಕು?

ಒತ್ತಾದ ಫಿಲ್ಟರ್ ಹಾಕಿದಾಗ ಧೂಳು ಯಾಕೆ ಜಾಸ್ತಿಯಾಯಿತು? ಮರ್ವ್ ಅಂಕಿ ಏರಿದಷ್ಟೂ ಸಣ್ಣ ಕಣ ಹಿಡಿಯುತ್ತದೆ ನಿಜ, ಆದರೆ ಒಂದು ಇಂಚು ದಪ್ಪದ ಫಿಲ್ಟರ್‌ನಲ್ಲಿ ಗಾಳಿ ಹಾಯುವುದೂ ಕಷ್ಟವಾಗುತ್ತದೆ. ಬ್ಲೋವರ್ ಎಳೆಯುವುದನ್ನು ನಿಲ್ಲಿಸುವುದಿಲ್ಲವಲ್ಲ, ಫಿಲ್ಟರ್ ಕೊಡದಿದ್ದನ್ನು ತೂತಿನಿಂದ ಎಳೆದುಕೊಳ್ಳುತ್ತದೆ. ತೂತು ಮುಚ್ಚದೆ ದುಬಾರಿ ಫಿಲ್ಟರ್ ಹಾಕುವುದು ಅಟಿಕ್‌ನಿಂದ ಇನ್ನಷ್ಟು ಗಾಳಿ ಕರೆಸಿಕೊಂಡಂತೆಯೇ. ತಿಂಗಳುಗಟ್ಟಲೆ ಬದಲಾಯಿಸದೆ ಕಟ್ಟಿಕೊಂಡ ಫಿಲ್ಟರ್‌ನದ್ದೂ ಇದೇ ಕಥೆ.

ಹಾಗೆಯೇ ಫಿಲ್ಟರ್ ಅಳತೆ ನೋಡಿ. ಮೇಲೆ 20 x 25 ಇಂಚು ಅಂತ ಬರೆದಿದ್ದರೂ ನಿಜವಾದ ಅಳತೆ ಕಾಲೋ ಅರ್ಧವೋ ಇಂಚು ಕಮ್ಮಿಯೇ ಇರುತ್ತದೆ. ಗ್ರಿಲ್ ಚೌಕಟ್ಟು ಅದನ್ನು ಸುತ್ತಲೂ ಒತ್ತಿ ಹಿಡಿದರೆ ಪರವಾಗಿಲ್ಲ. ಹಿಡಿಯದಿದ್ದರೆ ರಟ್ಟಿನ ಅಂಚಿನ ಮೇಲೆ ಒಂದು ಕಡೆ ಧೂಳಿನ ಗೀರು ಬಿದ್ದಿರುತ್ತದೆ. ಫೋಮ್ ಪಟ್ಟಿ ಅಂಟಿಸಿದರೆ ಆಯಿತು.

ಮೀಟರ್ ಪರೀಕ್ಷೆ. ಪಿಎಂ 2.5 ಮೀಟರ್ ಇದ್ದವರು ಅದನ್ನು ಯಾವುದಾದರೂ ಸಪ್ಲೈ ಗ್ರಿಲ್ ಹತ್ತಿರ ಇಡಿ. ಫ್ಯಾನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಫ್ಯಾನ್ ಹಾಕಿ ಮತ್ತೆ ನೋಡಿ. ಡಕ್ಟ್ ಸರಿಯಿದ್ದು ಫಿಲ್ಟರ್ ಕೆಲಸ ಮಾಡುತ್ತಿದ್ದರೆ ಅಂಕಿ ನಿಧಾನಕ್ಕೆ ಇಳಿಯಬೇಕು. ಏರಿದರೆ ಫ್ಯಾನ್ ಎಲ್ಲಿಂದಲೋ ಕೊಳೆ ತರುತ್ತಿದೆ. ಶುರುವಿನ ಒಂದೆರಡು ನಿಮಿಷದ ಜಿಗಿತವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಡಕ್ಟ್ ಒಳಗೆ ಕೂತಿದ್ದ ಧೂಳು ಏಳುವುದು. ಒಂದು ಮಿತಿಯನ್ನೂ ನೆನಪಿಡಿ: ಈ ಮೀಟರ್‌ಗಳು ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತವೆ, ಮೇಜಿನ ಮೇಲೆ ಕೂರುವ ದಪ್ಪ ಧೂಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅಂಕಿ ಏರಲಿಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದು ತೀರ್ಮಾನ ಮಾಡಬೇಡಿ.

ಊದುಬತ್ತಿ ಪರೀಕ್ಷೆ. ಇದಕ್ಕೆ ನಮ್ಮ ಮನೆಯಲ್ಲಿ ಸಾಮಾನಿನ ಕೊರತೆ ಇಲ್ಲ ಅಲ್ವಾ. ಗಾಳಿ ಬೀಸದ ದಿನ ಆರಿಸಿ. ಕಿಟಕಿ ಬಾಗಿಲು ಮುಚ್ಚಿ, ಬಾತ್‌ರೂಮ್ ಫ್ಯಾನ್, ಅಡುಗೆಮನೆ ಹುಡ್, ಬಟ್ಟೆ ಡ್ರೈಯರ್ ಎಲ್ಲ ನಿಲ್ಲಿಸಿ. ಒಳಗಿನ ಬಾಗಿಲುಗಳನ್ನು ತೆರೆದಿಡಿ. ಹೊರಬಾಗಿಲು ಒಂದನ್ನು ಬೆರಳಗಲ ತೆರೆದು ಆ ಸಂದಿಗೆ ಬತ್ತಿ ಹಿಡಿಯಿರಿ. ಬ್ಲೋವರ್ ಆಫ್ ಇದ್ದಾಗ ಹೊಗೆ ಯಾವ ಕಡೆ ವಾಲುತ್ತದೆ ನೋಡಿ, ಆಮೇಲೆ ಆನ್ ಮಾಡಿಸಿ ನೋಡಿ. ಹೊಗೆ ಒಳಕ್ಕೆ ತಿರುಗಿದರೆ ಮನೆ ಹೊರಗಿನಿಂದ ಗಾಳಿ ಎಳೆಯುತ್ತಿದೆ, ಸಪ್ಲೈ ಸೋರಿಕೆ ಜಾಸ್ತಿ. ಹೊರಕ್ಕೆ ತಳ್ಳಿದರೆ ಅಟಿಕ್‌ನಿಂದ ಹೆಚ್ಚುವರಿ ಗಾಳಿ ಮನೆಗೆ ಬರುತ್ತಿದೆ, ರಿಟರ್ನ್ ಸೋರಿಕೆ ಜಾಸ್ತಿ. ಏನೂ ಬದಲಾಗದಿದ್ದರೆ ಎರಡೂ ಸರಿಯಿರಬೇಕು, ಇಲ್ಲವೇ ಎರಡೂ ಸಮಸಮ ಸೋರುತ್ತಿರಬೇಕು. ಎರಡನೆಯದು ಬಹಳ ಮನೆಗಳಲ್ಲಿ ಇರುತ್ತದೆ, ಹಾಗಾಗಿ ಇಲ್ಲಿಗೇ ನಿಲ್ಲಿಸಬೇಡಿ.

ಈಗ ಬೆಡ್‌ರೂಮ್ ಬಾಗಿಲು ಮುಚ್ಚಿ ಅದೇ ಬತ್ತಿಯನ್ನು ಬಾಗಿಲ ಕೆಳಗೆ ಹಿಡಿಯಿರಿ. ಹೊಗೆ ರಭಸದಿಂದ ಪ್ಯಾಸೇಜಿನ ಕಡೆ ಓಡಿದರೆ, ರೂಮಿಗೆ ಗಾಳಿ ಬರಲು ದಾರಿ ಇದೆ, ವಾಪಸ್ ಹೋಗಲು ಇಲ್ಲ. ಇದನ್ನು ಡಕ್ಟ್ ಸೋರಿಕೆ ಅಂತ ಕರೆಯಲಾಗುವುದಿಲ್ಲ, ಆದರೆ ಪರಿಣಾಮ ಒಂದೇ: ರೂಮಲ್ಲಿ ಗಾಳಿ ಉಬ್ಬಿಕೊಂಡಿರುತ್ತದೆ, ಹಾಲ್‌ಗೆ ಗಾಳಿ ಸಾಲದೆ ಅದು ಚಾವಣಿ ಬಿರುಕಿನಿಂದ ಎಳೆಯುತ್ತದೆ. ಮೊದಲು ಹೇಳಿದ ಕಾರ್ಪೆಟ್ ಗೆರೆಗೆ ಕಾರಣವೂ ಇದೇ. ಬಾಗಿಲ ಮೇಲೆ ಗೋಡೆಗೆ ಗ್ರಿಲ್ ಕೂರಿಸಿದರೆ ಅಥವಾ ಬಾಗಿಲ ಕೆಳಗೆ ಸ್ವಲ್ಪ ಕೊಯ್ದರೆ ಸರಿಹೋಗುತ್ತದೆ.

ಥರ್ಮಾಮೀಟರ್ ಲೆಕ್ಕ. ನನಗೆ ಅತಿ ಇಷ್ಟವಾದ ಪರೀಕ್ಷೆ ಇದು. ಖರ್ಚಿಲ್ಲ, ಜೊತೆಗೆ ಒಂದು ಅಂದಾಜು ಅಂಕಿಯೂ ಕೈಗೆ ಸಿಗುತ್ತದೆ. ಬೇಸಿಗೆಯ ಮಧ್ಯಾಹ್ನ ಏಸಿ ಕಾಲು ಗಂಟೆ ಓಡಿದ ಮೇಲೆ ಮೂರು ಕಡೆ ಗಾಳಿಯ ಶಾಖ ನೋಡಿಕೊಳ್ಳಿ: ಹಾಲ್‌ನ ರಿಟರ್ನ್ ಗ್ರಿಲ್ ಹತ್ತಿರ, ಯಂತ್ರದೊಳಗೆ ಗಾಳಿ ಹೋಗುವ ಜಾಗದಲ್ಲಿ, ಮತ್ತು ಅಟಿಕ್‌ನಲ್ಲಿ ರಿಟರ್ನ್ ಡಕ್ಟ್ ಪಕ್ಕ. ಒಂದೇ ಥರ್ಮಾಮೀಟರ್ ಬಳಸಿ. ತಂತಿ ಇರುವ ಅಡುಗೆ ಥರ್ಮಾಮೀಟರ್ ಆದರೆ ಸಲೀಸು, ಸಣ್ಣ ತೂತಿನಲ್ಲಿ ತೂರಿಸಿ ಆಮೇಲೆ ಟೇಪ್ ಹಾಕಬಹುದು. ಅಟಿಕ್‌ನಲ್ಲಿ ಅದನ್ನು ಬಿಟ್ಟು ಇಳಿದುಬನ್ನಿ, ಓದಿಕೊಂಡು ಕೂರಬೇಡಿ.

ಗ್ರಿಲ್‌ನಲ್ಲಿ 76 ಡಿಗ್ರಿ ಫ್ಯಾರನ್‌ಹೀಟ್, ಯಂತ್ರದ ಬಾಯಲ್ಲಿ 81, ಅಟಿಕ್‌ನಲ್ಲಿ 126 ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಏರಿದ್ದು 5 ಡಿಗ್ರಿ. ಅಟಿಕ್‌ಗೂ ಮನೆಗೂ ವ್ಯತ್ಯಾಸ 50. ಐದನ್ನು ಐವತ್ತರಿಂದ ಭಾಗಿಸಿದರೆ ಹತ್ತರಲ್ಲೊಂದು ಭಾಗ, ಅಂದರೆ ಬ್ಲೋವರ್‌ಗೆ ಬರುತ್ತಿರುವ ಗಾಳಿಯಲ್ಲಿ ಸುಮಾರು ಶೇಕಡ 10 ಅಟಿಕ್‌ನದ್ದು. ಡಕ್ಟ್ ಗೋಡೆಯ ಮೂಲಕವೂ ಸ್ವಲ್ಪ ಬಿಸಿ ಇಳಿಯುತ್ತದೆ. ಒಂದೆರಡು ಡಿಗ್ರಿ ಏರಿಕೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಹತ್ತೇ ಪರ್ಸೆಂಟ್ ತಾನೆ ಅನ್ನಬೇಡಿ. ಮೂರು ಟನ್ ಏಸಿ ನಿಮಿಷಕ್ಕೆ ಸುಮಾರು 1,200 ಘನ ಅಡಿ ಗಾಳಿ ತಳ್ಳುತ್ತದೆ. ಅದರಲ್ಲಿ ಹತ್ತರಲ್ಲೊಂದು 120, ಗಂಟೆಗೆ 7,200. ಎರಡು ಸಾವಿರ ಚದರಡಿಯ, ಒಂಬತ್ತು ಅಡಿ ಎತ್ತರದ ಮನೆಯಲ್ಲಿ ಇರುವ ಒಟ್ಟು ಗಾಳಿ 18,000 ಘನ ಅಡಿ. ಏಸಿ ಎರಡೂವರೆ ಗಂಟೆ ಓಡಿದರೆ ಒಂದು ಮನೆ ತುಂಬುವಷ್ಟು ಅಟಿಕ್ ಗಾಳಿ ಒಳಗೆ ಬಂದಾಯಿತು. ಆಗಸ್ಟ್‌ನಲ್ಲಿ ಡ್ಯಾಲಸ್‌ನಲ್ಲಿ ಏಸಿ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ನಿಮಗೇ ಗೊತ್ತು.

ಅಟಿಕ್ ಹತ್ತುವುದಾದರೆ

ಬೆಳಕು ಹರಿಯುವ ಹೊತ್ತಿಗೆ ಹತ್ತಿ. ಮಧ್ಯಾಹ್ನದ ಅಟಿಕ್‌ನಲ್ಲಿ ಕೆಲಸ ಮಾಡಿ ತಲೆ ತಿರುಗಿ ಬಿದ್ದರೆ ಕೇಳುವವರಿಲ್ಲ. ಎನ್95 ಮಾಸ್ಕ್, ತುಂಬು ತೋಳಿನ ಅಂಗಿ, ಕೈಗವಸು. ಮರದ ತೊಲೆಗಳ ಮೇಲೆ ಮಾತ್ರ ಕಾಲಿಡಿ, ನಡುವೆ ಇಟ್ಟರೆ ಕಾಲು ನೇರ ಕೆಳಗಿನ ಬೆಡ್‌ರೂಮಿಗೆ. ಹರಳಿನಂಥ ಕಂದು ವರ್ಮಿಕ್ಯುಲೈಟ್ ಹರಡಿದ್ದರೆ, ಅಥವಾ ಹಳೆ ಮನೆಯ ಡಕ್ಟ್‌ಗೆ ಬಿಳಿ ಕಾಗದದಂಥ ಸುತ್ತು ಇದ್ದರೆ ಏನನ್ನೂ ಮುಟ್ಟದೆ ಇಳಿದುಬನ್ನಿ. ಆಸ್‌ಬೆಸ್ಟಾಸ್ ಇರಬಹುದು, ಅದನ್ನು ಪರೀಕ್ಷೆ ಮಾಡಿಸಬೇಕು. ಊದುಬತ್ತಿಯನ್ನು ಅಲ್ಲಿಗೆ ತರಲೇಬೇಡಿ. ಒಣ ಮರ, ಇನ್ಸುಲೇಶನ್ ಕಾಗದ, ಗ್ಯಾಸ್ ಪೈಪ್ ಎಲ್ಲ ಒಂದೇ ಕಡೆ ಇರುತ್ತವೆ. ಅಂಗೈ ಒದ್ದೆ ಮಾಡಿಕೊಂಡು ಜೋಡಣೆಯ ಹತ್ತಿರ ಹಿಡಿದರೂ ಗಾಳಿ ಗೊತ್ತಾಗುತ್ತದೆ.

ಮೊದಲು ಯಂತ್ರದ ಪಕ್ಕ ನೋಡಿ. ಅಲ್ಲಿ ಎಳೆತವೂ ಒತ್ತಡವೂ ಗರಿಷ್ಠ, ಹಾಗಾಗಿ ಬೆರಳಗಲದ ತೂತು ದೂರದ ರೂಮಿನ ಅಂಗೈಯಗಲದ ತೂತಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಡಕ್ಟ್‌ಗಳು ಯಂತ್ರಕ್ಕೆ ಸೇರುವ ಪ್ಲೀನಮ್ ಪೆಟ್ಟಿಗೆಯ ಮೂಲೆ, ಫಿಲ್ಟರ್ ತೂರಿಸುವ ಸೀಳಿನ ಮುಚ್ಚಳ, ಬ್ಲೋವರ್ ಬಾಗಿಲು, ಕಾಯಿಲ್ ಪೈಪ್ ಒಳಹೋಗುವ ತೂತು. ಆಮೇಲೆ ಮೆತ್ತನೆ ಫ್ಲೆಕ್ಸ್ ಡಕ್ಟ್ ತಗಡಿನ ಕೊರಳಿಗೆ ಕೂರುವ ಜಾಗ. ಹೊರಗಿನ ಬೆಳ್ಳಿ ಕವಚ ಬಿಗಿಯಾಗಿಯೇ ಕಾಣುತ್ತದೆ, ಒಳಗಿನ ಕೊಳವೆ ಕಳಚಿಕೊಂಡಿರುತ್ತದೆ. ಇನ್ಸುಲೇಶನ್ ಮೇಲೆ ಕಪ್ಪು ಪಟ್ಟೆ ಕಂಡರೆ ಅಲ್ಲೇ ನಿಲ್ಲಿ. ಗಾಳಿ ಆ ಜಾಗದಲ್ಲಿ ಹಾಯುತ್ತಾ ಧೂಳು ಬಿಟ್ಟು ಹೋಗಿರುವ ಗುರುತದು.

ಗ್ಯಾಸ್ ಗೀಸರ್ ಇರುವವರು ಇದನ್ನು ಓದದೆ ಮುಂದೆ ಹೋಗಬೇಡಿ

ಗ್ಯಾಸ್ ವಾಟರ್ ಹೀಟರ್ ಮೇಲೆ ತಗಡಿನ ಟೋಪಿಯಂಥದ್ದು ಇದ್ದು, ಅದರ ಸುತ್ತ ತೆರೆದ ಸಂದಿ ಇದ್ದರೆ, ಅದರ ಹೊಗೆ ತಾನಾಗಿ ಮೇಲೇರಿ ಹೋಗುತ್ತದೆ, ತಳ್ಳುವ ಫ್ಯಾನ್ ಇಲ್ಲ. ಅದೇ ಕೋಣೆಯಲ್ಲಿ ರಿಟರ್ನ್ ಸೋರುತ್ತಿದ್ದರೆ ಬ್ಲೋವರ್ ಆ ಹೊಗೆಯನ್ನು ಕೆಳಗೆ ಎಳೆದು ಮನೆಗೆಲ್ಲ ಹಂಚಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ (ಸಿಒ) ಎಂಬ ವಿಷಾನಿಲ ಇದ್ದರೆ ವಾಸನೆ ಬರುವುದಿಲ್ಲ, ಬಣ್ಣ ಕಾಣುವುದಿಲ್ಲ. ಎಲ್ಲ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್, ಡ್ರೈಯರ್, ಬ್ಲೋವರ್ ಎಲ್ಲ ಹಾಕಿ, ಬಿಸಿನೀರಿನ ನಲ್ಲಿ ಬಿಟ್ಟು ಹೀಟರ್ ಉರಿಯುವಂತೆ ಮಾಡಿ. ಕೆಲವು ನಿಮಿಷದ ನಂತರ ಆ ಟೋಪಿಯ ಅಂಚಿಗೆ ಊದುಬತ್ತಿಯ ಹೊಗೆ ಹಿಡಿಯಿರಿ. ಒಳಗೆ ಎಳೆದುಕೊಂಡರೆ ಸರಿ. ಹೊರಗೆ ಚೆಲ್ಲಿದರೆ ಎಲ್ಲವನ್ನೂ ನಿಲ್ಲಿಸಿ, ಕಿಟಕಿ ತೆರೆದು, ತಿಳಿದವರನ್ನು ಕರೆಸಿ. ಗ್ಯಾಸ್ ವಾಸನೆ ಇದ್ದರೆ ಈ ಪರೀಕ್ಷೆಯನ್ನೇ ಮಾಡಬೇಡಿ, ಹೊರಗೆ ಬಂದು ಫೋನ್ ಮಾಡಿ.

ಗರಾಜ್‌ನಲ್ಲಿ ಯಂತ್ರ ಅಥವಾ ರಿಟರ್ನ್ ಡಕ್ಟ್ ಇರುವ ಮನೆಗಳಲ್ಲಿ ಕಾರಿನ ಹೊಗೆಯೇ ಒಳಬರಬಹುದು. ಅಂಥ ಸೋರಿಕೆ ಕಂಡರೆ ಮೊದಲ ಕೆಲಸ ಅದೇ, ಧೂಳಿನ ಮಾತು ಆಮೇಲೆ. ಮಲಗುವ ರೂಮುಗಳ ಹೊರಗೆ ಮತ್ತು ಪ್ರತಿ ಮಹಡಿಯಲ್ಲಿ ಸಿಒ ಅಲಾರಂ ಇರಲಿ. ಡಕ್ಟ್ ಸೀಲ್ ಮಾಡಿದ ಮೇಲೂ ಈ ಹೀಟರ್ ಪರೀಕ್ಷೆಯನ್ನು ಮತ್ತೆ ಮಾಡಿ, ಯಾಕೆಂದರೆ ತೂತು ಮುಚ್ಚಿದಾಗ ಮನೆಯೊಳಗಿನ ಒತ್ತಡದ ಲೆಕ್ಕವೇ ಬದಲಾಗುತ್ತದೆ.

ಮುಚ್ಚುವುದು

ಬೂದು ಬಣ್ಣದ ಬಟ್ಟೆ ಡಕ್ಟ್ ಟೇಪ್ ಹೆಸರಿಗೆ ಮಾತ್ರ ಡಕ್ಟ್ ಟೇಪ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 1998ರಲ್ಲಿ ಬಗೆಬಗೆಯ ಅಂಟು, ಟೇಪುಗಳನ್ನು ಬಿಸಿ ಮಾಡಿ ಪರೀಕ್ಷಿಸಿದಾಗ ಬಿಟ್ಟುಕೊಂಡಿದ್ದು ಇದೇ ಬಟ್ಟೆ ಟೇಪ್. ಹಾಕಬೇಕಾದ್ದು ಮಾಸ್ಟಿಕ್, ಡಬ್ಬದಲ್ಲಿ ಬರುವ ಗಟ್ಟಿ ಲೇಪ. ಬ್ರಶ್ ಅಥವಾ ಕೈಗವಸು ಹಾಕಿದ ಬೆರಳಲ್ಲೇ ನಾಣ್ಯದ ದಪ್ಪಕ್ಕೆ ಬಳಿಯಿರಿ. ಕಾಲು ಇಂಚಿಗಿಂತ ದೊಡ್ಡ ಸಂದಿಗೆ ಫೈಬರ್‌ಗ್ಲಾಸ್ ಜಾಲರಿ ಟೇಪ್ ಹಾಕಿ ಅದರ ಮೇಲೆ ಬಳಿಯಬೇಕು. ಆಮೇಲೆ ತೆರೆಯಬೇಕಾದ ಮುಚ್ಚಳಗಳಿಗೆ ಮಾತ್ರ ಯುಎಲ್ 181 ಎಂದು ಮುದ್ರಿಸಿರುವ ಫಾಯಿಲ್ ಟೇಪ್. ಫ್ಲೆಕ್ಸ್ ಡಕ್ಟ್ ಕಳಚಿದ್ದರೆ ಒಳಕೊಳವೆಯನ್ನು ಕೊರಳಿಗೆ ಎಳೆದು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು, ಆಮೇಲೆ ಹೊರಕವಚ. ರೂಮಿನೊಳಗಿನಿಂದಲೇ ಮಾಡಬಹುದಾದ ಕೆಲಸವೂ ಒಂದಿದೆ: ಸಪ್ಲೈ ಗ್ರಿಲ್‌ನ ಎರಡು ಸ್ಕ್ರೂ ತೆಗೆದು, ತಗಡಿನ ಡಬ್ಬಕ್ಕೂ ಶೀಟ್‌ರಾಕ್‌ಗೂ ನಡುವಿನ ಸಂದಿಗೆ ಮಾಸ್ಟಿಕ್ ಬಳಿದು ಗ್ರಿಲ್ ಮತ್ತೆ ಹಾಕುವುದು. ಶನಿವಾರದ ಒಂದು ಬೆಳಿಗ್ಗೆಗೆ ಇಡೀ ಮನೆ ಮುಗಿಯುತ್ತದೆ.

ಗೋಡೆಯೊಳಗೆ ಕೈ ಹೋಗದ ಕಡೆ ಏರೋಸೀಲ್ ಅನ್ನುವ ವಿಧಾನವಿದೆ. ಇದೂ ಅದೇ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಡಕ್ಟ್ ಒಳಗೆ ಅಂಟಿನ ಸಣ್ಣ ಕಣಗಳನ್ನು ಊದುತ್ತಾರೆ, ಅವು ಗಾಳಿ ಸೋರುವ ಅಂಚಿಗೇ ಹೋಗಿ ಕೂತು ಮುಚ್ಚುತ್ತವೆ. ದುಬಾರಿ. ಕಳಚಿಬಿದ್ದ ಡಕ್ಟ್‌ಗೆ, ದೊಡ್ಡ ತೂತಿಗೆ ಇದು ನಡೆಯುವುದಿಲ್ಲ, ಅವನ್ನು ಮೊದಲು ಕೈಯಲ್ಲೇ ಸರಿಮಾಡಬೇಕು.

ಡಕ್ಟ್ ಕ್ಲೀನಿಂಗ್ ಬಗ್ಗೆ ಒಂದು ಮಾತು. "ಇಡೀ ಮನೆಗೆ 99 ಡಾಲರ್" ಅಂತ ಬಾಗಿಲಿಗೆ ಸಿಕ್ಕಿಸಿ ಹೋಗುವ ಚೀಟಿಗಳನ್ನು ನೇರ ಕಸದ ಬುಟ್ಟಿಗೆ ಹಾಕಿ. ಡಕ್ಟ್ ಕ್ಲೀನಿಂಗ್‌ನಿಂದ ಆರೋಗ್ಯದ ತೊಂದರೆ ತಪ್ಪುತ್ತದೆ ಎಂದು ಇದುವರೆಗೆ ಸಾಬೀತಾಗಿಲ್ಲ ಎಂದು ಇಪಿಎಯೇ ಹೇಳಿದೆ. ಒಳಗೆ ಬೂಷ್ಟು ಹಿಡಿದಿದ್ದರೆ, ಇಲಿ ಸೇರಿಕೊಂಡಿದ್ದರೆ, ಗ್ರಿಲ್‌ನಿಂದ ಕಸ ಉದುರುತ್ತಿದ್ದರೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ತೂತು ಮುಚ್ಚದೆ ಕ್ಲೀನ್ ಮಾಡಿಸಿದರೆ ಅದೇ ದಾರಿಯಲ್ಲಿ ಅದೇ ಧೂಳು ಮತ್ತೆ ಬರುತ್ತದೆ. ಮೊದಲು ಸೀಲ್, ಆಮೇಲೆ ಬೇಕಿದ್ದರೆ ಕ್ಲೀನಿಂಗ್. ರಿಟರ್ನ್ ಸೋರುತ್ತಿದ್ದ ಮನೆಯಲ್ಲಿ ಕಾಯಿಲ್ ಮೇಲೆ ಧೂಳು ಹೆಪ್ಪುಗಟ್ಟಿರುತ್ತದೆ, ಸೀಲ್ ಆದ ಮೇಲೆ ಅದನ್ನು ತೊಳೆಸಿಕೊಂಡರೆ ಆ ಹಣ ದಂಡವಾಗುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದವರಿಗೆ ಧೂಳಿಗಿಂತ ಕಾಡ್ಗಿಚ್ಚಿನ ಹೊಗೆ ದೊಡ್ಡ ಚಿಂತೆ. 2020ರ ಸೆಪ್ಟೆಂಬರ್ 9ರಂದು ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಅಂಥ ದಿನ ಕಿಟಕಿ ಮುಚ್ಚಿ, ಮರ್ವ್ 13 ಫಿಲ್ಟರ್ ಹಾಕಿ, ಫ್ಯಾನ್ "ಆನ್" ಇಡಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಒಣ ಹವೆಯ ಊರಾದ್ದರಿಂದ ಹ್ಯೂಸ್ಟನ್‌ನ ತೇವದ ತಕರಾರು ಅಲ್ಲಿಲ್ಲ, ಸಲಹೆ ಸರಿಯೇ. ಆದರೆ ಅಟಿಕ್‌ಗೆ ಹೊರಗಾಳಿ ಬರಲೆಂದೇ ಕಿಂಡಿಗಳಿರುತ್ತವೆ. ಡಕ್ಟ್ ಸೋರುತ್ತಿದ್ದರೆ ಫ್ಯಾನ್ ಓಡಿದಷ್ಟೂ ಹೊಗೆ ಒಳಗೆ ಬರುತ್ತದೆ. ಮೇಲಿನ ಮೀಟರ್ ಪರೀಕ್ಷೆಯನ್ನು ಹೊಗೆಯ ಕಾಲ ಬರುವ ಮೊದಲೇ ಮಾಡಿಟ್ಟುಕೊಳ್ಳಿ.

ಇಷ್ಟೆಲ್ಲ ಕೈಯಲ್ಲಾಗದಿದ್ದರೆ ಡಕ್ಟ್ ಬ್ಲಾಸ್ಟರ್ ಟೆಸ್ಟ್ ಮಾಡುವವರನ್ನು ಕರೆಸಿ. ಎಲ್ಲ ಗ್ರಿಲ್‌ಗಳನ್ನು ಮುಚ್ಚಿ, ಡಕ್ಟ್‌ಗೆ 25 ಪ್ಯಾಸ್ಕಲ್ ಒತ್ತಡ ಕೊಟ್ಟು, ನಿಮಿಷಕ್ಕೆ ಎಷ್ಟು ಘನ ಅಡಿ ಸೋರುತ್ತದೆ ಎಂದು ಅಳೆಯುತ್ತಾರೆ. ಹೊಸ ಮನೆಗಳಿಗೆ 2012ರ ಮಾದರಿ ಇಂಧನ ಸಂಹಿತೆ ಇಟ್ಟ ಮಿತಿ 100 ಚದರಡಿಗೆ 4, ಅಂದರೆ ಎರಡು ಸಾವಿರ ಚದರಡಿಗೆ 80. ಹಳೆ ಮನೆಯಲ್ಲಿ ಅದರ ಮೂರು ನಾಲ್ಕು ಪಟ್ಟು ಬಂದರೆ ಗಾಬರಿಯಾಗಬೇಡಿ. ಸೀಲ್ ಮಾಡುವವರೇ ಟೆಸ್ಟ್ ಕೂಡ ಮಾಡುವುದಾದರೆ, ಕೆಲಸಕ್ಕೆ ಮೊದಲಿನ ಅಂಕಿ ಮತ್ತು ನಂತರದ ಅಂಕಿ ಎರಡನ್ನೂ ಬಿಲ್ ಮೇಲೆ ಬರೆದುಕೊಡಿ ಎಂದು ದುಡ್ಡಿನ ಮಾತಾಡುವಾಗಲೇ ಹೇಳಿಬಿಡಿ. ಅದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.